ಬಲಮೊಣಕಾಲಿನ ಸುದ್ದಿ

ಚಾಚಾಕ್,
ಜುಲೈ 19, ಶುಕ್ರವಾರ

ಪ್ರೀತಿಯ ಗಾವ್ರೊ,

ಹೇಗಿದ್ದೀಯ ಮಗನೇ? ಹೊತ್ತುಹೊತ್ತಿಗೆ ತಿನ್ನುತ್ತಿದ್ದೀಯಾ, ನಿದ್ದೆ ಬರುತ್ತಿದೆಯಾ? ಬಲಮೊಣಕಾಲಿನ ಊತ ಇಳಿಯಿತಾ? ಎಲೆಕೋಸಿನ ಎಲೆ ಕಟ್ಟುವುದನ್ನು ಬಿಟ್ಟಿಲ್ಲ ತಾನೇ? ಎಲೆಯನ್ನು ಲಟ್ಟಣಿಗೆಯಲ್ಲಿ ಚೆನ್ನಾಗಿ ಜಜ್ಜಿ, ಮೇಲೆ ಎರಡು ಚಮಚ ರಾಕಿಯಾ, ನಿಮ್ಮಪ್ಪ ಇಳಿಸಿದಂಥ ಹಣ್ಣಿನ ಸಾರಾಯಿ, ಚಿಮುಕಿಸಿ ಕಟ್ಟಬೇಕು. ಸುಮ್ಮನೆ ಸುತ್ತಿಕೊಂಡರೆ ಏನೂ ಆಗುವುದಿಲ್ಲ. ನಿನ್ನ ಆ ಕವಾಲಾದ ಎಲೆಕೋಸಿಗೆ ನಮ್ಮದರ ಗುಣ ಎಲ್ಲಿಂದ ಬರಬೇಕು, ಆದರೂ ಕಟ್ಟು. ನಾನು ಚೆನ್ನಾಗಿದ್ದೇನೆ. ನಿಮ್ಮಪ್ಪನಿಗೆ ಬಿ.ಪಿ. ಸ್ವಲ್ಪ ಏರಿದೆ, ಉಪ್ಪು ಕಡಿಮೆ ಮಾಡಿ ಅಂದರೆ ನನ್ನ ಮೇಲೆಯೇ ಏರುತ್ತಾರೆ. ಹನ್ನೊಂದು ದಿನದಿಂದ ನಿನಗೆ ಫೋನ್ ಮಾಡುತ್ತಿದ್ದೇನೆ. ಪ್ರತಿಸಲವೂ ಒಬ್ಬ ಹೆಂಗಸು ಗ್ರೀಕಿನಲ್ಲಿ ಏನೋ ಹೇಳಿ ಇಟ್ಟುಬಿಡುತ್ತಾಳೆ. ಅದು ಮೆಷಿನ್ನಿನ ದನಿ, ಫೋನ್ ಆಫ್ ಆಗಿದೆ ಅಂತ ಹೇಳುತ್ತಿದೆ ಎಂದು ನಿಮ್ಮಪ್ಪ ಬಿಡಿಸಿ ಹೇಳಿದರು. ಇರಬಹುದು. ಆದರೆ ನನ್ನ ಮಗನ ಫೋನಿನಲ್ಲಿ ನನಗೆ ಉತ್ತರ ಕೊಡುವುದಕ್ಕೆ ಇನ್ನೊಬ್ಬ ಗ್ರೀಕ್ ಹೆಂಗಸೇ ಬೇಕಿತ್ತಾ, ಇರುವ ಒಬ್ಬಳು ಸಾಲದೆ? ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಸಮುದ್ರಕ್ಕೆ ಹೋಗುವ ಶುಕ್ರವಾರದ ಬಸ್ಸು ಓಡಿಸುವ ಮಿಲಿಸಾವ್ ಕೈಯಲ್ಲೇ ತಲುಪಿಸುತ್ತೇನೆ ಅಂದಿದ್ದಾನೆ. ಜೊತೆಗೆ ಸಕ್ಕರೆ ಪಾಕದಲ್ಲಿ ಹಾಕಿದ ಚೆರ್ರಿ ಹಣ್ಣಿನ ಸ್ಲಾತ್ಕೊ ಎರಡು ಭರಣಿ ಇವೆ, ಒಂದು ದೊಡ್ಡದು, ಒಂದು ಚಿಕ್ಕದು. ಎರಡೂ ನಿನಗೇ. ಬೇರೆ ಯಾರಿಗೂ ಒಂದು ಚಮಚವನ್ನೂ ಕೊಡಬೇಡ. ಯಾರಿಗೆ ಅಂತ ನಿನಗೆ ಗೊತ್ತು.

ಇಲ್ಲಿ ಜುಲೈ ಅಂದರೆ ಎಂದಿನ ಹಾಗೆ ಆಟಗಾರರ ಸಂತೆಯೇ. ನಮ್ಮ ಊರಿನ ಬಾಸ್ಕೆಟ್‌ಬಾಲ್ ಕ್ಲಬ್ಬಿನಲ್ಲಿ ಹನ್ನೆರಡು ಜನರಲ್ಲಿ ಏಳು ಜನ ಹೊರಟರು. ಎತ್ತರದ ಮಿಲುಟಿನ್ ಪೋಲೆಂಡಿಗೆ, ಆ ಮೂರು ಪಾಯಿಂಟಿನ ಹುಡುಗ ರುಮೇನಿಯಾಕ್ಕೆ. ಹೋದವರ ಜೆರ್ಸಿಗಳೆಲ್ಲ ಕ್ಲಬ್ಬಿನ ಒಗೆಯುವ ಕೋಣೆಯಲ್ಲಿ ನನ್ನ ಮೇಜಿನ ಮೇಲೆ ಬಿದ್ದಿವೆ. ಇಸ್ತ್ರಿ ಕಾಯಿಸಿ ಬೆನ್ನಿನ ಮೇಲಿನ ಹೆಸರನ್ನು ಮೆಲ್ಲಗೆ ಸುಲಿಯಬೇಕು, ಬಟ್ಟೆ ಸುಡಬಾರದು. ಇಪ್ಪತ್ತೆರಡು ವರ್ಷದಿಂದ ಪ್ರತಿ ಜುಲೈಯಲ್ಲೂ ಇದೇ ಕೆಲಸ. ನಿನ್ನ ಹೆಸರನ್ನೂ ಹೀಗೇ ಸುಲಿದಿದ್ದೆ, ನಿನಗೆ ಆಗ ಹತ್ತೊಂಬತ್ತು. ಅಧ್ಯಕ್ಷರು ಮೊನ್ನೆ ಜೂನಿನಲ್ಲಿ ಒಗೆಯುವ ಕೋಣೆಗೇ ಬಂದು, "ವಿದೊಸಾವಾ, ನಿನ್ನ ಮಗ ಕೊನೇ ಸೀಸನ್ ನಮ್ಮಲ್ಲಿ ಆಡ್ಲಿ ಕಣಮ್ಮ, ಹದಿನಾಲ್ಕನೇ ನಂಬರ್ ಅವನಿಗೇ ಇಟ್ಟಿರ್ತೀನಿ" ಅಂದರು. ನೀನು ಬರುವುದಿಲ್ಲ ಅಂತ ಅವರಿಗೂ ಗೊತ್ತು, ನನಗೂ ಗೊತ್ತು. ಆದರೂ ಆವತ್ತು ಸಂಜೆಯೇ ಹದಿನಾಲ್ಕಕ್ಕೆ ಇಸ್ತ್ರಿ ಹಾಕಿ ತೂಗುಹಾಕಿದೆ. ನಗಬೇಡ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ಭಾನುವಾರ ದ್ರಾಗಿಶಾ ಮನೆಗೆ ಬಂದಿದ್ದ. ಅಡುಗೆಮನೆಯ ಕುರ್ಚಿಯಲ್ಲಿ ಕೂತು ಮಗುವಿನ ಹಾಗೆ ಅತ್ತ. ಅವನು ನಿನ್ನ ಏಜೆಂಟ್ ಆಗಿದ್ದು ಆಮೇಲೆ, ಅದಕ್ಕೆ ಮೊದಲೇ ನಿನ್ನ ಕೂಮ್. ಅವನ ಮದುವೆಗೆ ಸಾಕ್ಷಿಯಾಗಿ ನಿಂತವನು ನೀನು, ಅವನ ಮಗಳಿಗೆ ಚರ್ಚಿನಲ್ಲಿ ಹೆಸರಿಟ್ಟವನು ನೀನು. ಅಣ್ಣತಮ್ಮಂದಿರು ಜಗಳವಾಡಿ ಸೇರಬಹುದು, ಕೂಮ್ ಜೊತೆ ಮಾತು ಬಿಡುವುದುಂಟೇ? ನಡೆದದ್ದನ್ನೆಲ್ಲ ಅವನೇ ಹೇಳಿದ. ನಿನ್ನ ಕವಾಲಾ ಕ್ಲಬ್ಬಿನ ಜೊತೆ ಇನ್ನೆರಡು ವರ್ಷದ ಕಾಂಟ್ರಾಕ್ಟ್ ಹೆಚ್ಚುಕಡಿಮೆ ಸಹಿಯಾದ ಹಾಗೇ ಇತ್ತಂತೆ, ಹತ್ತನೇ ತಾರೀಕು ಡಾಕ್ಟರ ತಪಾಸಣೆ ಒಂದು ಬಾಕಿ. ಅಷ್ಟರಲ್ಲಿ ಎಂಟನೇ ತಾರೀಕು ನಮ್ಮ ಪೇಪರಿನಲ್ಲಿ, ಮಾರನೇ ದಿನ ಅವರ ಪೇಪರಿನಲ್ಲಿ, ನಿನ್ನ ಬಲಮೊಣಕಾಲು ಮೆಟ್ಟಿಲು ಇಳಿಯುವಾಗ ಬಾಗುವುದಿಲ್ಲ ಎಂದು "ಆಟಗಾರನಿಗೆ ತೀರಾ ಹತ್ತಿರದವರು" ತಿಳಿಸಿದ್ದಾರೆ ಅಂತ ಬಂತು. ತಪಾಸಣೆಯೇ ಬೇಡ ಅಂದುಬಿಟ್ಟರಂತೆ. ಹನ್ನೆರಡಕ್ಕೆ ಲಾಟ್ವಿಯಾದ ಇಪ್ಪತ್ತೈದರ ಹುಡುಗನಿಗೆ ನಿನ್ನ ಜಾಗ ಕೊಟ್ಟರು. ಆರು ವರ್ಷ ಅವರಿಗಾಗಿ ಬೆವರು ಸುರಿಸಿದವನು ನೀನು, ಒಂದು ಪೇಪರ್ ಓದಿ ಬಿಟ್ಟರು. ನೀನು ಸಿಟ್ಟಿನಲ್ಲಿ ದ್ರಾಗಿಶಾನಿಗೆ, "ನೀನೇ ಮಾರ್ಕೊಂಡೆ ನನ್ನ, ಇನ್ಮೇಲೆ ನಿನ್ನ ಮುಖ ತೋರಿಸ್ಬೇಡ" ಅಂದೆಯಂತೆ. ಅವನು ಮಗಳ ತಲೆಯ ಮೇಲೆ ಆಣೆ ಇಟ್ಟು ತಾನಲ್ಲ ಅನ್ನುತ್ತಾನೆ.

ಅವನಲ್ಲ ಅಂದಮೇಲೆ ಯಾರು, ನೀನೇ ಯೋಚನೆ ಮಾಡು. ನಾನು ಯಾರ ಹೆಸರನ್ನೂ ಎತ್ತುವುದಿಲ್ಲ. ಆದರೆ ನೀನು ದಿನವೂ ಯಾರ ಮೆಟ್ಟಿಲು ಇಳಿಯುತ್ತೀಯ? ಯಾರ ಮನೆಯ ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದೀಯ? ನೀನು ಗ್ರೀಕಿನಲ್ಲಿ "ಕಿರಿಯಾ", ಅಂದರೆ ಅಮ್ಮಾವ್ರೇ, ಅಂತ ಕರೆಯುವ ಆ ಸ್ತಮಾತಿಯಾ ಟೀವಿಯವರ ಮುಂದೆ ಬಾಯಿ ತೆರೆದರೆ ಮುಚ್ಚುವವಳಾ? ಸೀಸನ್ ಮುಗಿದ ದಿನ ಅವಳು ಮಾತಾಡಿದ್ದನ್ನು ಇಲ್ಲಿ ಎಲ್ಲರೂ ನೋಡಿದ್ದಾರೆ. ಅಲ್ಲಿಯ ಕ್ಲಬ್ಬಿನವರು ಅವಳಿಗೇ ಅಂತ ಮೊದಲ ಸಾಲಿನಲ್ಲಿ ಕುರ್ಚಿ ಹಾಕಿಸಿದ್ದಾರೆ, ದಿಂಬು ಬೇರೆ. "ಗಾವ್ರಿಲೊ ನನ್ನ ಮಗ. ಅವನನ್ನ ನನಗಿಂತ ಚೆನ್ನಾಗಿ ಬಲ್ಲೋರು ಯಾರೂ ಇಲ್ಲ" ಅಂತ ಕ್ಯಾಮೆರಾಕ್ಕೆ ಮುಖ ಕೊಟ್ಟು ಹೇಳಿದಳಲ್ಲ, ನನ್ನ ಮೈಯೆಲ್ಲ ಉರಿದುಹೋಯಿತು. ನಾನು ನಿನ್ನ ಆಟ ನೋಡಿದ್ದು ಎಷ್ಟು, ಗೊತ್ತಾ? ನೀನು ಇಲ್ಲಿ ಆಡುವಾಗ ನಾನು ಗ್ಯಾಲರಿಯ ಕೆಳಗೆ ಒಗೆಯುವ ಮೆಷಿನ್ ಮುಂದೆ ಇರುತ್ತಿದ್ದೆ. ತಲೆಯ ಮೇಲೆ ಜನ ಕಾಲು ಬಡಿಯುವ ಸದ್ದಿನಲ್ಲೇ ನೀನು ಬುಟ್ಟಿಗೆ ಹಾಕಿದೆಯೋ ಇಲ್ಲವೋ ತಿಳಿದುಕೊಳ್ಳುತ್ತಿದ್ದೆ. ಒಂದು ದಿನವೂ ತಪ್ಪಾಗಿಲ್ಲ. ನನಗೆ ಯಾರೂ ದಿಂಬು ಕೊಡಲಿಲ್ಲ.

ಹೇಳಿಯೇ ಬಿಡುತ್ತೇನೆ, ಹೊಟ್ಟೆಯಲ್ಲಿಟ್ಟುಕೊಂಡು ಎಷ್ಟು ದಿನ ಕುದಿಯಲಿ. ಮೂವತ್ತೇಳರಲ್ಲೂ ಈ ಕಾಲುಗಳು ಹೇಗೆ ಓಡುತ್ತವೆ ಅಂತ ಟೀವಿಯವನೊಬ್ಬ ಕೇಳಿದ್ದಕ್ಕೆ ನೀನು "ಕಿರಿಯಾ ಸ್ತಮಾತಿಯಾ ಮಾಡೋ ಪಾಲಕ್ ಪೈ ತಿಂದು" ಅಂದೆ. ಹತ್ತೊಂಬತ್ತು ವರ್ಷ ನನ್ನ ಚೀಸಿನ ಪೈ, ಗಿಬಾನಿಟ್ಸಾ, ತಿಂದ ಕಾಲುಗಳು ಅವು. ಹೋಗಲಿ ಅಂದುಕೊಂಡೆ. ಮೇ ತಿಂಗಳಲ್ಲಿ ಸಂತ ಜಾರ್ಜನ ಹಬ್ಬ, ನಮ್ಮ ಮನೆತನದ ಸಂತನ ದಿನ, ಸ್ಲಾವಾ, ನಿನಗೆ ಪ್ಲೇಆಫ್ ಇದ್ದದ್ದರಿಂದ ಆರನೇ ವರ್ಷವೂ ಬರಲಿಲ್ಲ. ಅದನ್ನೂ ನುಂಗಿಕೊಂಡೆ. ಆದರೆ ಅವಳು ಅಲ್ಲೇ ಮೇಣದಬತ್ತಿ ಹಚ್ಚಿ, ಗೋಧಿ ಬೇಯಿಸಿ, ನಿನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಫೋಟೋ ತೆಗೆಸಿದ್ದಾಳೆ! ಅವರಲ್ಲಿ ಗೋಧಿ ಬೇಯಿಸುವುದು ಸತ್ತವರಿಗೆ, ಗೊತ್ತಾ ನಿನಗೆ? ನಾನು ಆ ಫೋಟೋ ತೋರಿಸಿದರೆ ನಿಮ್ಮಪ್ಪ, "ಗೋಧಿ ಚೆನ್ನಾಗೇ ಬೆಂದಿದೆ ಕಣೇ, ನಿಂದು ಈ ಸಲ ಮೆತ್ತಗಾಗಿತ್ತು" ಅಂದರು. ಮೂರು ದಿನ ಅವರ ಜೊತೆ ಮಾತಾಡಲಿಲ್ಲ. ಹೌದು, ನನಗೆ ಹೊಟ್ಟೆಕಿಚ್ಚು. ಹೆತ್ತವಳು ಕೆಳಗೆ ಬಟ್ಟೆ ಒಗೆಯುತ್ತಿರುವಾಗ ಬಾಡಿಗೆ ಮನೆಯವಳು ಮೊದಲ ಸಾಲಿನಲ್ಲಿ ಕೂತು "ನನ್ನ ಮಗ" ಅಂದರೆ ಕಿಚ್ಚು ಹತ್ತದೆ ತಂಪಾಗುತ್ತದಾ?

ಅದಕ್ಕೇ ಹೇಳುತ್ತಿದ್ದೇನೆ, ಮಗನೇ. ನಿನ್ನನ್ನು ಎತ್ತಿ ಮೆರೆಸಿದ ಬಾಯಿಯೇ ಎಲ್ಲೋ ಮೊಣಕಾಲಿನ ವಿಷಯವನ್ನೂ ಆಡಿರಬೇಕು. ಬೇಕೆಂದೇ ಆಡಿದಳು ಅನ್ನುವುದಿಲ್ಲ, ಬಾಯಿ ತೀಟೆ. ಆ ಮನೆ ಖಾಲಿ ಮಾಡಿ ಬಾ. ನಿನ್ನ ಕೋಣೆ ಹಾಗೇ ಇದೆ, ಹದಿನಾಲ್ಕು ಹ್ಯಾಂಗರಿನಲ್ಲಿದೆ. ಅಧ್ಯಕ್ಷರಿಗೆ ನಿನ್ನೆ ನೆನಪು ಮಾಡಿದೆ, "ಮೊದಲು ಗುಣ ಆಗ್ಲಿ ಬಿಡಿ, ಆಮೇಲೆ ನೋಡೋಣ" ಅಂದರು. ನೋಡೇ ನೋಡುತ್ತಾರೆ.

ದೇವರು ನಿನ್ನ ಕಾಲುಗಳನ್ನು ಕಾಯಲಿ, ಸಂತ ಜಾರ್ಜ್ ನಿನ್ನ ಬೆನ್ನ ಹಿಂದೆ ನಿಲ್ಲಲಿ. ನಿಮ್ಮಪ್ಪ ಆಶೀರ್ವಾದ ಹೇಳುತ್ತಿದ್ದಾರೆ, ಮತ್ತು ಆ ಲಾಟ್ವಿಯಾದವನಿಗೆ ಎಡಗೈಯಲ್ಲಿ ಚೆಂಡು ಹಿಡಿಯುವುದಕ್ಕೂ ಬರುವುದಿಲ್ಲ ಎಂದು ಬರೆಯಲು ಹೇಳಿದರು.

ನಿನ್ನದೇ ಧ್ಯಾನದಲ್ಲಿರುವ ನಿನ್ನ ಅಮ್ಮ,
ವಿದೊಸಾವಾ

ತಾ.ಕ.: ಮೂರೂವರೆ ಆಗಿದೆ. ಬಸ್ಸು ನಾಲ್ಕಕ್ಕೆ, ನಿಮ್ಮಪ್ಪ ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತು ಗೊಣಗುತ್ತಿದ್ದಾರೆ. ಲಕೋಟೆ ಅಂಟಿಸುವಷ್ಟರಲ್ಲಿ ಫೋನ್ ಬಂತು. ಸ್ತಮಾತಿಯಾ. ನಿನ್ನಿಂದ ಕಲಿತ ನಮ್ಮ ಭಾಷೆಯ ಮುರುಕು ಮಾತಿನಲ್ಲೇ ಕೇಳಿದಳು: "ನಾನು ಹೇಳಿಲ್ಲ. ದ್ರಾಗಿಶಾ ಹೇಳೋನಲ್ಲ. ಡಾಕ್ಟ್ರು ಇನ್ನೂ ನೋಡೇ ಇರ್ಲಿಲ್ಲ. ಇನ್ನು ಉಳಿದೋರು ಯಾರು, ತಾಯಿ?"

ನಾನೇ, ಗಾವ್ರೊ. ನಮ್ಮ ಪೇಪರಿಗೆ ಸುದ್ದಿ ಬರೆಯುವ ಜಿವೊತಾ ಒಗೆಯುವ ಕೋಣೆಗೆ ಬಂದು ಅವಳ ಆ ವಿಡಿಯೋ ತೋರಿಸಿ, "ಏನ್ ವಿದೊಸಾವಾ, ನಿನ್ನ ಮಗನಿಗೆ ಹೊಸ ಅಮ್ಮ ಸಿಕ್ಕಿದ್ದಾಳಲ್ಲ" ಅಂತ ನಕ್ಕ. ನನ್ನ ಕೈಯಲ್ಲಿ ಒದ್ದೆ ಬಟ್ಟೆಯ ಬುಟ್ಟಿ ಇತ್ತು. "ಅವಳಿಗೇನು ಗೊತ್ತು? ಮೆಟ್ಟಿಲು ಇಳಿಯುವಾಗ ಅವನ ಬಲಗಾಲು ಬಾಗಲ್ಲ ಅಂತ ಗೊತ್ತಾ? ಹತ್ತು ದಿನ ಎಲೆಕೋಸು ಕಟ್ಟಿದ್ದು ಯಾರು, ನಾನಾ ಅವಳಾ?" ಅಂದುಬಿಟ್ಟೆ. ಜೂನಿನಲ್ಲಿ ನೀನು ಮನೆಗೆ ಬಂದಾಗ "ಅಮ್ಮಾ, ಇದು ಈ ಗೋಡೆ ದಾಟಬಾರದು" ಅಂತ ನನ್ನ ಕೈ ಹಿಡಿದು ಹೇಳಿದ್ದೆ. ಹನ್ನೆರಡು ದಿನ ತಡೆದುಕೊಂಡೆ, ಅಷ್ಟೇ ನನ್ನಿಂದ ಆದದ್ದು.

ಅವಳಿಗೆ ಎರಡು ಚಳಿಗಾಲದಿಂದ ಗೊತ್ತಂತೆ. ದಿನಾ ಬೆಳಿಗ್ಗೆ ಮೀನಿನ ಮಾರುಕಟ್ಟೆಯಿಂದ ಐಸ್ ತರುತ್ತಾಳಂತೆ. ಯಾರು ಕೇಳಿದರೂ ತನ್ನ ಸೊಂಟ ನೋವಿಗೆ ಅನ್ನುತ್ತಾಳಂತೆ, ಒಡಹುಟ್ಟಿದ ತಂಗಿಗೂ ಹಾಗೇ ಹೇಳಿದ್ದಾಳೆ. ಇಷ್ಟು ಹೇಳಿ ಕೊನೆಗೆ, "ಗಾವ್ರಿಲೊಗೆ ನಾನು ಹೇಳಲ್ಲ. ನೀನೇ ಹೇಳು" ಅಂದಳು. ನನ್ನ ಗುಟ್ಟನ್ನೂ ಅವಳೇ ಕಾಯುತ್ತಾಳಂತೆ.

ಮೇಲೆ ಬರೆದದ್ದನ್ನು ಹರಿದು ಹೊಸದಾಗಿ ಬರೆಯಲು ಹೊತ್ತಿಲ್ಲ. ಇದ್ದರೂ ಹರಿಯುತ್ತಿರಲಿಲ್ಲ, ನಿನ್ನಮ್ಮ ಎಂಥವಳು ಅಂತ ನಿನಗೂ ಗೊತ್ತಿರಲಿ. ದ್ರಾಗಿಶಾನಿಗೆ ಈಗಲೇ ಫೋನ್ ಮಾಡು, ಕ್ಷಮೆ ಕೇಳು. ಆ ಮನೆ ಬಿಡಬೇಡ. ಅವಳ ಪಾಲಕ್ ಪೈಗೆ, ಕುರ್ಚಿಗೆ, ದಿಂಬಿಗೆ ಇಷ್ಟು ದಿನ ಉರಿದೆನಲ್ಲ, ಇವತ್ತಿನ ಉರಿಯ ಮುಂದೆ ಅದೆಲ್ಲ ಏನೂ ಅಲ್ಲ. ನನ್ನನ್ನು ಬೈಯುವುದಕ್ಕಾದರೂ ಫೋನ್ ಮಾಡು ಮಗನೇ. ಭರಣಿ ಒಂದನ್ನು ಅವಳಿಗೆ ಕೊಡು. ಚಿಕ್ಕದನ್ನು.