ಹೆದ್ದಾರಿ ಬದಿಯ ಸುರಂಗಕ್ಕೆ ಬಂದವರು

ಮಾವಾ,

ನಿಮ್ಮ ಸೊಸೆ ಬರೆಯುವುದು. ನೀವಿದ್ದಾಗ ಎದುರು ನಿಂತು ಮಾತಾಡಲಿಕ್ಕೇ ಹೆದರುತ್ತಿದ್ದವಳು ಈಗ ಕಾಗದ ಬರೆಯುತ್ತಿದ್ದಾಳೆಂದರೆ ನಗುತ್ತೀರೋ, ಗದರುತ್ತೀರೋ?

ಚಾ ಅಂಗಡಿಯ ಹಿಂದೆ ಗುಡ್ಡದೊಳಗೆ ಸುರಂಗ ತೋಡಿ ನೀವು ನೀರು ತಂದ ದಿನ ನೆನಪಾಗುತ್ತದೆ. "ಈ ನೀರಿನ ಚಾ ಕುಡಿದವ ಇನ್ನೊಮ್ಮೆಯೂ ಇದೇ ದಾರಿಯಲ್ಲಿ ಬರ್ತಾನೆ" ಅಂದಿದ್ದಿರಿ. ಎಲ್ಲಿ ಬಂದರು? ಪೈವಳಿಕೆಯ ನಮ್ಮ ರಸ್ತೆ ಅಗಲವಾಗಿ ಮಲೆನಾಡ ಹೆದ್ದಾರಿಯೇನೋ ಆಯಿತು. ವಾಹನಗಳೆಲ್ಲ ಕೆಳಗೆ ಬಂದ್ಯೋಡಿನ ಆರು ಪಥದ ರಸ್ತೆಯಲ್ಲೇ ಹಾರಿಹೋಗುತ್ತವೆ. ನಾನೂ ಪಕ್ಕದ ಶರಬತ್ತಿನ ಅಂಗಡಿಯ ಅಬ್ಬಾಸಣ್ಣನೂ ಮುಖ ಮುಖ ನೋಡಿಕೊಂಡು ಕೂರುವುದು. ಬೋರ್‌ವೆಲ್ ಇರುವಾಗ ಸುರಂಗ ಎಂತಕ್ಕೆ ಎಂದು ನಿಮ್ಮ ಮಗ ಅದರ ಬಾಯಿ ಮುಚ್ಚಲು ಕೆಂಪುಕಲ್ಲು ತರಿಸಿಯೂ ಆಗಿತ್ತು.

ಮೊನ್ನೆ ಭಾನುವಾರ ಮೈಸೂರಿನ ಗಂಡ ಹೆಂಡತಿ ಕಾರು ನಿಲ್ಲಿಸಿದರು. ಕೆಳಗಿನ ರಸ್ತೆಯಲ್ಲಿ ಬ್ಲಾಕ್ ಅಂತೆ. ಅಬ್ಬಾಸಣ್ಣನ ಶುಂಠಿ ಶರಬತ್ತು ಕುಡಿದರು, ನನ್ನ ಬನ್ಸ್ ತಿಂದರು. "ಇಲ್ಲಿ ನೋಡೋಕೆ ಏನಾದ್ರೂ ಇದೆಯಾ?" ಎಂದು ಅವರು ಕೇಳಿದ್ದೇ ತಡ, ನಿಮ್ಮ ಮಗ ಎದ್ದೇಬಿಟ್ಟರು. "ಸುರಂಗ ಉಂಟು, ಬನ್ನಿ." ಮುಚ್ಚಲು ಹೊರಟವರೇ! ಗಂಡಸರಿಬ್ಬರೂ ಹೋದರು, ಆ ಹೆಂಗಸು ನನ್ನ ಜೊತೆ ಉಳಿದರು.

ಒಳಗೆ ಹೋಗುವಾಗೆಲ್ಲ ನೀವು ಮೇಣದಬತ್ತಿ ಹೊತ್ತಿಸಿ ಮುಂದೆ ಹಿಡಿಯುತ್ತಿದ್ದಿರಿ. "ಮೊದಲು ಬತ್ತಿ ಹೋಗಲಿ, ಮತ್ತೆ ನಾನು." ಅದು ಮಂಕಾದರೆ ಗಾಳಿ ಸಾಲದು, ತಿರುಗಿ ಬರಬೇಕು. ಬಾಣಲೆಗೆ ಬನ್ಸ್ ಬಿಡುತ್ತಾ ಕಪಾಟಿನ ಕಡೆ ನೋಡಿದೆ. ಮೇಣದಬತ್ತಿ ಅಲ್ಲೇ ಇತ್ತು! ಮೊಬೈಲ್ ದೀಪ ಹಿಡಿದು ಹೋಗಿದ್ದಾರೆ, ಮಾವಾ. ಗಾಳಿ ಇಲ್ಲದಿದ್ದರೆ ಮೊಬೈಲ್ ಆರುತ್ತದೆಯೇ?

ಸುರಂಗದ ಬಾಯಿಯಲ್ಲಿ ನಿಂತು ಕೂಗಿದೆ. ನನ್ನ ಕೂಗೇ ತಿರುಗಿ ಬಂತು. ಆ ಹೆಂಗಸು "ಏನಾಯ್ತು? ಏನಾಯ್ತು?" ಎನ್ನುತ್ತಾ ನನ್ನ ಕೈ ಹಿಡಿದರು. ಬಿಡಿಸಿಕೊಂಡು, ಸೀರೆ ಎತ್ತಿ ಸಿಕ್ಕಿಸಿ, ಬತ್ತಿ ಹೊತ್ತಿಸಿ ಒಳಗೆ ಹೋದೆ. ನೀವು ನನ್ನನ್ನು ಒಮ್ಮೆಯೂ ಒಳಗೆ ಬಿಟ್ಟವರಲ್ಲ. ಬಗ್ಗಿ ಬಗ್ಗಿ ನಡೆದೆ. ಪಾದ ಮುಳುಗುವಷ್ಟು ತಣ್ಣನೆಯ ನೀರು. ತಿರುವಿನಲ್ಲಿ ಬತ್ತಿ ಸಣ್ಣದಾಯಿತು. ತಿರುಗಿ ಬಾ ಎನ್ನುವುದು ನಿಮ್ಮ ನಿಯಮ. ಒಳಗಿರುವುದು ನಿಮ್ಮ ಮಗ. ನೀವಾದರೆ ಏನು ಮಾಡುತ್ತಿದ್ದಿರಿ ಮಾವಾ, ನನಗೆ ಆಗ...

"ಬತ್ತಿ ಆರ್ತಾ ಉಂಟು! ಹೊರಗೆ ಬನ್ನಿ!" ಎಂದು ಕಿರುಚಿದೆ.

"ಎಂತ ಮಾರಾಯ್ತಿ, ಇವರಿಗೆ ಸ್ವಲ್ಪ ತಲೆ ತಿರುಗ್ತದೆ, ಅಷ್ಟೆ. ಕೂತಿದ್ದೇವೆ."

ಕೂತಿದ್ದಾರಂತೆ! ಇನ್ನೆರಡು ಹೆಜ್ಜೆ ಹೋಗಿ ಕೈಗೆ ಸಿಕ್ಕಿದ ಅಂಗಿ ಹಿಡಿದು ಎಳೆದೆ. ನಿಮ್ಮ ಮಗ ಆ ಅತಿಥಿಯನ್ನು ಎಳೆದರು. ಬತ್ತಿ ಆರಿಯೇ ಹೋಯಿತು. ಮೊಬೈಲ್ ಎಲ್ಲೋ ನೀರಿಗೆ ಬಿದ್ದಿತ್ತು; ಗೋಡೆ ತಡವುತ್ತಾ ಬಂದೆವು. ಹೊರಗೆ ಬಂದು ಬಿದ್ದ ಮೇಲೆ ನನಗೆ ಅಳು ಬಂತು, ಜೊತೆಗೆ ಕೆಟ್ಟ ಸಿಟ್ಟೂ ಬಂತು. ನಿಮ್ಮ ಮಗ ಆ ಕೆಂಪುಕಲ್ಲಿನ ಮೇಲೆ ಕೂತು, "ಅಪ್ಪ ಇದ್ದಿದ್ರೆ ಹೊಡೀತಿದ್ರು" ಅಂದರು.

ಈಗ ಸುರಂಗದ ಬಾಯಿಗೆ ಗೇಟು ಬಂದಿದೆ, ಬೀಗದ ಕೈ ನನ್ನ ಸೊಂಟದಲ್ಲಿದೆ. ಮುಚ್ಚಲು ತಂದ ಕಲ್ಲು ಅಂಗಡಿಯೆದುರು ಬೆಂಚಾಗಿದೆ. ಮೈಸೂರಿನವರು ಹೇಳಿದರೆಂದು ಈ ಬೆಳಿಗ್ಗೆ ಇನ್ನೊಂದು ಕಾರು ನಿಂತಿತು. ಇಳಿದವರು ಚಾ ಕುಡಿದು, ಮೊಬೈಲ್ ದೀಪ ಹಾಕಿಕೊಂಡು ನೇರ ಗೇಟಿನ ಹತ್ತಿರ ಹೋದರು. ನಿಮ್ಮ ಮಗ ಅಡ್ಡ ನಿಂತು ಬೆಂಕಿಕಡ್ಡಿ ಗೀರಿದರು.

"ಮೊದಲು ಬತ್ತಿ ಹೋಗಲಿ, ಮತ್ತೆ ನಾವು."

ಥೇಟ್ ನಿಮ್ಮದೇ ಸ್ವರ, ಮಾವಾ. ನನ್ನ ಕೈಯಿಂದ ಚಾ ಚೆಲ್ಲಿತು.