ಇದು ನಿಮ್ಮ ಮಾತೇ ತಾನೆ?

ಸ್ಕೋಕಿ, ಶಿಕಾಗೋ ಬಳಿ
26 ಅಕ್ಟೋಬರ್ 2025

ಪ್ರೀತಿಯ ರೇಣು ಅಕ್ಕ,

ಮೂರು ವರ್ಷ ಮಾತು ಬಿಟ್ಟವಳ ಕಾಗದವೆಂದು ಹರಿದು ಹಾಕಬೇಡ. ಫೋನ್ ಮಾಡಿದರೆ ಇಬ್ಬರೂ ಮತ್ತೆ ಜಗಳಕ್ಕೆ ಬೀಳುತ್ತೇವೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಮ್ಮ ಪಕ್ಕದ ಮನೆಯ ನೆಸ್ಟರ್ ಡಿಮಾಲಾಂಟ ಅವರ ವಿಷಯ. ಫಿಲಿಪ್ಪೀನ್ಸಿನವರು, ವಯಸ್ಸು ಅರವತ್ತಾರು. ಅಲ್ಲಿ ಪತ್ರಕರ್ತರಾಗಿದ್ದರು. ಮೇಯರ್ ಕಡೆಯವರು ಹೊಳೆಯ ಮರಳು ಕದ್ದು ಸಾಗಿಸುವುದನ್ನು ಬರೆದರು, ಪತ್ರಿಕೆಗೆ ಬೀಗ ಬಿತ್ತು. ಇಲ್ಲಿಗೆ ಬಂದು ಹತ್ತೊಂಬತ್ತು ವರ್ಷ ವೃದ್ಧಾಶ್ರಮದಲ್ಲಿ ದುಡಿಯುತ್ತಲೇ ಬೇಸ್‌ಮೆಂಟಿನಲ್ಲಿ ನಾಲ್ಕು ಪುಟದ ವಾರಪತ್ರಿಕೆ ನಡೆಸಿದರು, ಈಗಲೂ ನಡೆಸುತ್ತಾರೆ. ಯಾರು ಏನೇ ಹೇಳಲಿ, ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಅವರಿಗೇ ಓದಿ ಹೇಳಿ, ಇದು ನಿಮ್ಮ ಮಾತೇ ತಾನೆ ಎಂದು ಕೇಳುವುದು ಅವರ ಪದ್ಧತಿ. ಹೀಗಾಗಿ ಅವರ ಮುಂದೆ ಹರಟೆ ಹೊಡೆಯಲೂ ಜನ ಯೋಚಿಸುತ್ತಾರೆ.

ಈ ವರ್ಷ ಊರಿನ ಆಡಳಿತ ಮಂಡಳಿಗೆ ನಿಂತರು. ಇಷ್ಟು ವರ್ಷ ಸಭೆಯ ಹಿಂದಿನ ಸಾಲಿನಲ್ಲಿ ಕೂತು ಬರೆದದ್ದಾಯಿತು, ಇನ್ನು ಮುಂದೆ ಕೂತು ಉತ್ತರ ಹೇಳುತ್ತೇನೆ ಎಂದರು. ನನಗೆ ಎಲ್ಲಿಲ್ಲದ ಹುಮ್ಮಸ್ಸು. ಹಿಮ ಕರಗುವ ಮೊದಲೇ ಕರಪತ್ರ ಹಿಡಿದು ಇನ್ನೂರು ಮನೆ ತಿರುಗಿದೆ. ‘ಮನೀಗೆ ಬರಾಕ ನಿನಗೂ ಒಂದು ಕರಪತ್ರ ಕೊಡಬೇಕೇನ’ ಎಂದು ನಮ್ಮ ಮನೆಯವರು ಚೇಷ್ಟೆ ಮಾಡಿದರು.

ನೆಸ್ಟರ್ ಆರು ಮತದಿಂದ ಸೋತರು.

ಮರುದಿನ ಬೆಳಿಗ್ಗೆ ನನಗೆಂದೇ ಮಾಂಸ ಹಾಕದೆ ಮಾಡಿದ ಶಾವಿಗೆ ಹಿಡಿದು, ಥ್ಯಾಂಕ್ಸ್ ಹೇಳಲು ಬಂದರು. ನನಗೆ ತಡೆಯಲಾಗಲಿಲ್ಲ. ಇಲ್ಲಿಗೆ ಬಂದು ಹದಿನೆಂಟು ವರ್ಷವಾದರೂ ನಾನು ಸಿಟಿಜನ್ ಅಲ್ಲ, ನನಗೆ ಓಟೇ ಇಲ್ಲ, ಇನ್ನೂರು ಮನೆಯಲ್ಲೂ ಕೇಳಿದವರಿಗೆಲ್ಲ ನನ್ನದು ಹಾಕಿ ಆಯಿತು ಎಂದು ಸುಳ್ಳು ಹೇಳಿದೆ ಎಂದುಬಿಟ್ಟೆ. ಅವರು ಬೇಸರಿಸಲಿಲ್ಲ. ನೋಟ್‌ಬುಕ್ ತೆಗೆದು ಬರೆದುಕೊಂಡು ಓದಿದರು: ಹದಿನೆಂಟು ವರ್ಷದಿಂದ ಇಲ್ಲಿದ್ದೇನೆ, ಇನ್ನೂರು ಮನೆಗೆ ಹೋಗಿ ಓಟು ಹಾಕಿ ಎಂದೆ, ನಾನು ಹಾಕಲಿಲ್ಲ. ಇದು ನಿಮ್ಮ ಮಾತೇ ತಾನೆ ಎಂದರು. ಹೌದು ಎಂದೆ. ಆ ಹಾಳೆಯನ್ನು ಹರಿದು ನನಗೇ ಕೊಟ್ಟು, ಇದು ಪತ್ರಿಕೆಗಲ್ಲ ಎಂದು ಹೇಳಿ ಹೋದರು.

ಅಕ್ಕ, ಆ ಹಾಳೆ ಹಿಡಿದು ಕೂತಾಗ ನೆನಪಾದದ್ದು ನಿನಗೆ ನಾನು ಆಡಿದ ಮಾತು. ನೀನು ಸಿಟಿಜನ್ ಆಗುತ್ತೇನೆ ಎಂದಾಗ, ಒಂದು ಪಾಸ್‌ಪೋರ್ಟಿಗಾಗಿ ಸತ್ತ ಅವ್ವನನ್ನೂ ಊರನ್ನೂ ಮರೆತೆ ಎಂದಿದ್ದೆ. ಯಾರಾದರೂ ಆಗಲೇ ಅದನ್ನು ಬರೆದುಕೊಂಡು ನನಗೆ ಓದಿ ಹೇಳಬೇಕಿತ್ತು. ಅವ್ವ ಹಾಸಿಗೆ ಹಿಡಿದ ಆರು ತಿಂಗಳು ಗದಗಿನಲ್ಲಿದ್ದು ನೋಡಿಕೊಂಡವಳು ನೀನು, ನಾನಲ್ಲ. ನನ್ನದು ತಪ್ಪಾಯಿತು.

ಅದೇ ವಾರ ನಾನೂ ಅಪ್ಲೈ ಮಾಡಿದೆ. ಇಂಟರ್‌ವ್ಯೂ ಮುಗಿದಿದೆ. ನವೆಂಬರ್ ಹದಿನಾಲ್ಕಕ್ಕೆ ಶಿಕಾಗೋದಲ್ಲಿ ಪ್ರಮಾಣವಚನ. ನೆಸ್ಟರ್ ಎರಡು ವರ್ಷ ಬಿಟ್ಟು ಮತ್ತೆ ನಿಲ್ಲುತ್ತಾರಂತೆ. ಕಡಿಮೆ ಬಿದ್ದ ಆರು ಮತದಲ್ಲಿ ಒಂದು ಸಿಕ್ಕಿತು ಎಂದು ಈಗಲೇ ಓಡಾಟ ಶುರು ಮಾಡಿದ್ದಾರೆ. ಆ ದಿನ ನಿಮ್ಮ ಜೊತೆ ಯಾರು ಬರುತ್ತಾರೆ ಎಂದು ಕೇಳಿದರು. ನಮ್ಮ ಅಕ್ಕ ಡೆಟ್ರಾಯಿಟ್ ಪಕ್ಕದ ನೋವೈಯಿಂದ ಬರುತ್ತಾಳೆ ಎಂದೆ. ಅದನ್ನೂ ಬರೆದುಕೊಂಡು ಓದಿ ಹೇಳಿದರು. ಸುಳ್ಳಾಗದಂತೆ ನೋಡಿಕೊಳ್ಳುವುದು ನಿನ್ನ ಕೈಯಲ್ಲಿದೆ.

ನಿನ್ನ ತಂಗಿ,
ಶಾಂಭವಿ

ತಾ.ಕ.: ನಿನ್ನ ಪ್ರಮಾಣವಚನದ ದಿನ ನನಗೆ ಜ್ವರವೆಂದು ಹೇಳಿ ಕಳಿಸಿದ್ದೆ. ಜ್ವರ ಇರಲಿಲ್ಲ. ಒಬ್ಬಳೇ ಡ್ರೈವ್ ಮಾಡಿಕೊಂಡು ಡೆಟ್ರಾಯಿಟ್‌ಗೆ ಬಂದಿದ್ದೆ. ನೀನು ಅವ್ವನ ಇಳಕಲ್ ಸೀರೆ ಉಟ್ಟು ಮೆಟ್ಟಿಲು ಹತ್ತುವುದನ್ನು ಕಾರಿನಿಂದಲೇ ನೋಡಿ, ಇಳಿಯಲು ಮುಖವಿಲ್ಲದೆ ವಾಪಸಾದೆ. ಬರುವಾಗ ಆ ಸೀರೆ ತಗೊಂಡು ಬಾ. ಈ ಸಲ ನಾನು ಉಡುತ್ತೇನೆ.