ಒಬ್ಬನೇ ಸಂತಾನ

ಪ್ರೀತಿಯ ಅತ್ತಿಗೆಗೆ,

ಈ ವಾರ ಅಣ್ಣನ ಹೆಸರಿಗೆ ಕೋರ್ಟಿನ ನೋಟೀಸು ಬರುತ್ತೆ. ಅವನಿಗೆ ಬಿಪಿ ಇದೆಯಲ್ಲ, ಊಟ, ಮಾತ್ರೆ ಆದ ಮೇಲೆ ತೋರಿಸಿ.

ಅಪ್ಪನ ಜಮೀನನ್ನು ಅವನು ಮಾರಿದ್ದು ಗೊತ್ತಾದಾಗಲೂ ಸುಮ್ಮನಿದ್ದೆ. ಕೇಳಿದ್ದರೆ ನಾನೇ ಸಹಿ ಹಾಕಿಕೊಡ್ತಿದ್ದೆ. ಆದರೆ ಕ್ರಯಪತ್ರದಲ್ಲಿ ‘ನಮ್ಮ ತಂದೆಗೆ ನಾನೊಬ್ಬನೇ ಸಂತಾನ’ ಅಂತ ಬರೆಸಿದ್ದಾನೆ. ಅದನ್ನು ಓದಿದ ದಿನ ಹೊಲಿಗೆ ಮಿಷನ್ ಮುಂದೆ ಕೂತು ಒಂದೇ ರವಿಕೆಯ ತೋಳನ್ನು ಎರಡು ಸಲ ತಪ್ಪಾಗಿ ಹೊಲಿದು ಬಿಚ್ಚಿದೆ.

“ನಿಮ್ಮ ಪಾಲು ಮಾರೋ ಹಕ್ಕು ಅವರಿಗಿಲ್ಲ. ಪಾಲಿಗೆ ದಾವೆ ಹಾಕಿ, ತಡೆಯಾಜ್ಞೆಯನ್ನೂ ಕೇಳೋಣ” ಅಂದರು ವಕೀಲರು. ಹಾಕಿದೆ. ಸಾಕ್ಷಿಗೆ ನಿಮ್ಮ ಹೆಸರು ಕೇಳಿದರು, ಕೊಡಲಿಲ್ಲ. ಗಂಡನ ಎದುರು ನಿಮ್ಮನ್ನು ಹೇಗೆ ನಿಲ್ಲಿಸಲಿ?

ಇನ್ನು ಆ ಮನೆಗೆ ನಾನು ಬರೋ ಹಾಗಿಲ್ಲ. ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡಿರೋ ಫೋಟೋ ಗೋಡೆ ಮೇಲೆ ಇನ್ನೂ ಇದ್ದರೆ ಕಳಿಸಿಕೊಡಿ. ಕೋರ್ಟಿಗೆ ತೋರಿಸೋಕಲ್ಲ.

ನಿಮ್ಮ ನಾದಿನಿ